ಒಂದು ರಿಫ್ ಕೇಳಿದರೆ ಆಲ್ಬಂ ಕೇಳಿದಂತಲ್ಲ

ದಾವಣಗೆರೆಯ ಹುಡುಗ ಹುಡುಗಿಯರೇ, ಹರಿಹರದಿಂದ ದಿನಾ ಬಸ್ಸು ಹಿಡಿದು ಕಾಲೇಜಿಗೆ ಬರುವ ಮಕ್ಕಳೇ, ನಿಮ್ಮ ಮೇಲೆ ನನ್ನದೊಂದು ದೂರಿದೆ. ಕರಿ ಟೀ ಶರ್ಟಿನ ಎದೆಯ ಮೇಲೆ ದೊಡ್ಡ ದೊಡ್ಡ ರಾಕ್ ಬ್ಯಾಂಡುಗಳ ಹೆಸರು ಹೊತ್ತು ತಿರುಗುತ್ತೀರಿ. ಕೇಳಿದರೆ, "ಡೀಪ್ ಪರ್ಪಲ್ ಗೊತ್ತು ಆಂಟಿ, ಸ್ಮೋಕ್ ಆನ್ ದ ವಾಟರ್ ಅಲ್ವಾ" ಎಂದು ಗಿಟಾರಿನಲ್ಲಿ ಮತ್ತೆ ಮತ್ತೆ ಮರಳುವ ಆ ಪುಟ್ಟ ಸ್ವರಗುಚ್ಛವನ್ನು, ಅಂದರೆ ರಿಫ್ ಅನ್ನು, ಬಾಯಲ್ಲೇ ನುಡಿಸಿ ತೋರಿಸುತ್ತೀರಿ. ಸಂತೋಷ. ಆದರೆ ಆ ಹಾಡು ಇರುವ 'ಮಷೀನ್ ಹೆಡ್' ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದ್ದೀರಾ ಎಂದರೆ ಒಬ್ಬರ ಮುಖ ಒಬ್ಬರು ನೋಡುತ್ತೀರಿ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು, ಒಪ್ಪಿದೆ. ಆದರೆ ಒಂದು ಅಗುಳಿನಿಂದ ಯಾರಿಗೂ ಹೊಟ್ಟೆ ತುಂಬಿದ್ದಿಲ್ಲ.

ಇಡೀ ಆಲ್ಬಮ್ಮಿನ ಉದ್ದ ಸುಮಾರು 37 ನಿಮಿಷ. ಹಾಡುಗಳು ಏಳೇ ಏಳು. ದಾವಣಗೆರೆಯಲ್ಲಿ ಬಸ್ಸು ಹತ್ತಿ, ಪಿ.ಬಿ. ರಸ್ತೆಯ ಗದ್ದಲ ದಾಟಿ ಹರಿಹರದಲ್ಲಿ ಇಳಿಯುವಷ್ಟರಲ್ಲಿ ಹೆಚ್ಚುಕಡಿಮೆ ಮುಗಿದೇ ಹೋಗುತ್ತದೆ. ಕ್ಯಾಸೆಟ್ಟಿನ ಕಾಲದಲ್ಲಿ 90 ನಿಮಿಷದ ಖಾಲಿ ಕ್ಯಾಸೆಟ್ಟಿನ ಒಂದೇ ಮಗ್ಗುಲಲ್ಲಿ ಏಳೂ ಹಾಡು ಕೂತು, ಇನ್ನೂ ಒಂದಿಷ್ಟು ಟೇಪು ಮಿಗುತ್ತಿತ್ತು. ಈಗ ಎಲ್ಲವೂ ಬೆರಳ ತುದಿಯಲ್ಲಿದೆ, ಕೂತು ಕೇಳುವ ವ್ಯವಧಾನ ಮಾತ್ರ ಎಲ್ಲೂ ಇಲ್ಲ. ಅರ್ಧ ನಿಮಿಷದ ರೀಲ್ಸ್ ನೋಡಿ ನೋಡಿ, ನಾಲ್ಕು ನಿಮಿಷದ ಹಾಡೂ ನಿಮಗೆ ಉದ್ದವಾಗಿ ಕಾಣುತ್ತಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಒಂದು ಹಳೆಯ ಹಾರ್ಡ್ ರಾಕ್ ಆಲ್ಬಮ್ಮನ್ನು ಹೇಗೆ ಕೇಳಬೇಕು, ಹೇಗೆ ಕೇಳಬಾರದು ಎಂದು ಇದೊಂದನ್ನೇ ಇಟ್ಟುಕೊಂಡು ಹೇಳುತ್ತೇನೆ. ಬೇಜಾರು ಮಾಡಿಕೊಳ್ಳದೆ ಕೇಳಿ.

ಮೊದಲು, ಅದು ಹೇಗೆ ಹುಟ್ಟಿತು ಎಂದು ತಿಳಿದುಕೊಳ್ಳಿ. 1971ರ ಡಿಸೆಂಬರ್ ತಿಂಗಳು. ಡೀಪ್ ಪರ್ಪಲ್‌ನ ಐವರು ಇಂಗ್ಲೆಂಡಿನಿಂದ ಸ್ವಿಟ್ಜರ್‌ಲೆಂಡಿನ ಮೊಂತ್ರೋ ಎಂಬ ಸರೋವರದ ದಂಡೆಯ ಊರಿಗೆ ಬಂದರು. ಅಲ್ಲಿನ ಕ್ಯಾಸಿನೊದ ಸಭಾಂಗಣದಲ್ಲಿ ರೆಕಾರ್ಡಿಂಗ್ ಮಾಡುವುದು ಅವರ ಯೋಜನೆ. ರೋಲಿಂಗ್ ಸ್ಟೋನ್ಸ್ ತಂಡದ ಸಂಚಾರಿ ಸ್ಟುಡಿಯೊ ವಾಹನವನ್ನೂ ಬಾಡಿಗೆಗೆ ತರಿಸಿದ್ದರು. ಡಿಸೆಂಬರ್ 4ರಂದು ಅದೇ ಸಭಾಂಗಣದಲ್ಲಿ ಫ್ರಾಂಕ್ ಜಪ್ಪಾ ಅವರ ಕಛೇರಿ. ನಡುವೆ ಪ್ರೇಕ್ಷಕರಲ್ಲಿ ಯಾರೋ ಬೆಂಕಿಯುಗುಳುವ ಫ್ಲೇರ್ ಪಿಸ್ತೂಲನ್ನು ಚಾವಣಿಯ ಕಡೆ ಹಾರಿಸಿದರು. ಕಟ್ಟಡ ಹೊತ್ತಿಕೊಂಡಿತು. ಮೊಂತ್ರೋ ಜಾಝ್ ಉತ್ಸವವನ್ನು ನಡೆಸುತ್ತಿದ್ದ ಕ್ಲೋದ್ ನೋಬ್ಸ್ ಒಳಗೆ ಸಿಕ್ಕಿಕೊಂಡ ಎಳೆಯರನ್ನು ಹೊರಗೆ ಕರೆತರಲು ನೆರವಾದರು. ಪುಣ್ಯಕ್ಕೆ ಯಾರ ಪ್ರಾಣವೂ ಹೋಗಲಿಲ್ಲ. ಸರೋವರದ ನೀರಿನ ಮೇಲೆ ಹೊಗೆ ಹರಡಿದ್ದನ್ನು ಈ ಐವರು ಕಣ್ಣಾರೆ ಕಂಡರು. ನೀವು ಬಾಯಲ್ಲಿ ನುಡಿಸುವ ಹಾಡಿನ ಕಥೆ ಇದೇ. ಆ ಹೆಸರು ಬೇಸ್ ಗಿಟಾರಿನ ರೋಜರ್ ಗ್ಲೋವರ್‌ಗೆ ಕೆಲವು ದಿನಗಳ ಬಳಿಕ ನಿದ್ದೆಯಲ್ಲಿ ಹೊಳೆದದ್ದಂತೆ.

ಕ್ಯಾಸಿನೊ ಸುಟ್ಟ ಮೇಲೆ ಅವರು ಊರಿನ ಪೆವಿಲಿಯನ್ ಎಂಬ ರಂಗಮಂದಿರಕ್ಕೆ ಹೋದರು. ಅಲ್ಲಿ ಈ ಹಾಡಿನ ವಾದ್ಯಭಾಗ ಮುಗಿಯುವಷ್ಟರಲ್ಲಿ ಅಕ್ಕಪಕ್ಕದವರು ಗಲಾಟೆಯೆಂದು ದೂರು ಕೊಟ್ಟರು, ಪೊಲೀಸರು ಬಂದು ಕೆಲಸ ನಿಲ್ಲಿಸಿದರು. ನೋಡಿ, ಲೋಕಪ್ರಸಿದ್ಧ ಹಾಡನ್ನು ನುಡಿಸುತ್ತಿದ್ದವರಿಗೂ ನೆರೆಮನೆಯವರ ಭಯ ತಪ್ಪಲಿಲ್ಲ. ಎಂಸಿಸಿ ಬಿ ಬ್ಲಾಕಿನ ಟೆರೇಸಿನ ಮೇಲೆ ರಾತ್ರಿ ಹನ್ನೊಂದಕ್ಕೆ ಬ್ಲೂಟೂತ್ ಸ್ಪೀಕರ್ ಇಟ್ಟು ಅಬ್ಬರಿಸುವ ನಿಮಗೆ ಯಾಕೆ ತಪ್ಪಬೇಕು? ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಎಂದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ಮಿತಿ ಹಾಕಿವೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಗುವಿದೆ, ಬಿ.ಪಿ. ಮಾತ್ರೆ ನುಂಗಿ ಮಲಗಿದ ಅಜ್ಜ ಇದ್ದಾರೆ. ನಿಮ್ಮ ಸಂಗೀತದ ಮೇಲಿನ ಪ್ರೀತಿ ಅವರ ನಿದ್ದೆಗೆ ಶತ್ರುವಾಗಬಾರದು.

ಕೊನೆಗೆ ಅವರಿಗೆ ಸಿಕ್ಕಿದ್ದು ಚಳಿಗಾಲಕ್ಕೆಂದು ಮುಚ್ಚಿದ್ದ ಗ್ರ್ಯಾಂಡ್ ಹೋಟೆಲ್. ಅಲ್ಲಿನ ಕಾರಿಡಾರಿನಲ್ಲಿ ಹಾಸಿಗೆಗಳನ್ನು ಗೋಡೆಗೆ ಒರಗಿಸಿ ಸದ್ದು ಕಟ್ಟಿದರು. ವಾಹನ ಹೊರಗೆ, ವಾದ್ಯಗಳು ಒಳಗೆ. ನುಡಿಸಿದ್ದು ಹೇಗೆ ಬಂದಿದೆ ಎಂದು ಕೇಳಬೇಕಾದರೆ ಕೋಣೆ ದಾಟಿ, ಬಾಲ್ಕನಿ ದಾಟಿ, ಚಳಿಯಲ್ಲಿ ಹೊರಗಿನ ವಾಹನದವರೆಗೆ ಸುತ್ತಿ ಹೋಗಬೇಕಿತ್ತು. ಆ ತಾಪತ್ರಯ ಸಾಕಾಗಿ, ಕೇಳಿ ನೋಡುವುದನ್ನೇ ಬಿಟ್ಟು, ಸರಿ ಬಂತು ಅನ್ನಿಸುವವರೆಗೆ ನುಡಿಸುತ್ತಾ ಹೋದರು. ಸುಮಾರು ಎರಡು ವಾರದಲ್ಲಿ ಕೆಲಸ ಮುಗಿಯಿತು, 1972ರ ಮಾರ್ಚಿನಲ್ಲಿ ಆಲ್ಬಂ ಹೊರಬಂತು, ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಒಟ್ಟಿಗೆ ನುಡಿಸಿದ ಬಿಸಿ ಅದರಲ್ಲಿ ಇಂದಿಗೂ ಇದೆ. ಅದನ್ನು ಹಿಡಿಯಬೇಕಾದರೆ ನೀವೂ ಸ್ವಲ್ಪ ತಯಾರಿ ಮಾಡಿಕೊಳ್ಳಬೇಕು.

ತಯಾರಿ ದೊಡ್ಡದೇನಲ್ಲ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ, ಅದರಲ್ಲಿ ಬೇಸ್ ಗಿಟಾರ್ ಸತ್ತೇ ಹೋಗುತ್ತದೆ. ಕೆಲವು ನೂರು ರೂಪಾಯಿಯ ಒಳ್ಳೆಯ ವೈರಿನ ಇಯರ್‌ಫೋನ್ ಸಾಕು. ಸಾಲ ಮಾಡಿ ಹತ್ತಾರು ಸಾವಿರದ ಹೆಡ್‌ಫೋನ್ ತರಬೇಡಿ, ಹಾಸಿಗೆ ಇದ್ದಷ್ಟು ಕಾಲು ಚಾಚಿ. ಆ್ಯಪಿನಲ್ಲಿ ಶಫಲ್ ಬಂದ್ ಮಾಡಿ. ಬೇಸ್ ಬೂಸ್ಟ್ ಇತ್ಯಾದಿ ಮಸಾಲೆ ತೆಗೆಯಿರಿ, ಅಡುಗೆ ಮಾಡಿದವರು ಉಪ್ಪು ಹಾಕಿಯೇ ಇದ್ದಾರೆ. ಆಮೇಲೆ ಯಾವ ಆವೃತ್ತಿ ಎಂದು ನೋಡಿಕೊಳ್ಳಿ. 1997ರಲ್ಲಿ 25ನೇ ವರ್ಷದ ಆವೃತ್ತಿ ಬಂತು, ಅದರಲ್ಲಿ ಗ್ಲೋವರ್ ತಾವೇ ಹೊಸದಾಗಿ ಮಿಕ್ಸ್ ಮಾಡಿದ ರೂಪಗಳೂ ಇವೆ. 2024ರಲ್ಲಿ ಇನ್ನೊಂದು ದೊಡ್ಡ ಆವೃತ್ತಿ ಬಂತು, ಅದರ ಹೊಸ ಮಿಕ್ಸ್ ಮಾಡಿದವರು ಡ್ವೀಜಿಲ್ ಜಪ್ಪಾ. ಬೆಂಕಿ ಬಿದ್ದ ದಿನ ವೇದಿಕೆಯ ಮೇಲಿದ್ದ ಫ್ರಾಂಕ್ ಜಪ್ಪಾ ಅವರ ಮಗ! ಇವೆಲ್ಲ ಆಮೇಲಿನ ಸೊಗಸು. ಮೊದಲ ಸಲಕ್ಕೆ ಏಳೇ ಹಾಡಿರುವ ಮೂಲ ಕ್ರಮವನ್ನೇ ಹಿಡಿಯಿರಿ. ನಲವತ್ತು ನಿಮಿಷ ಫೋನನ್ನು ಕವುಚಿ ಇಡಿ. ವಾಟ್ಸ್ಆ್ಯಪಿನಲ್ಲಿ ಬರುವ ಶುಭೋದಯದ ಹೂವು ಬಾಡಿಹೋಗುವುದಿಲ್ಲ.

ಮೊದಲ ಸಲ ಏನನ್ನೂ ಹುಡುಕದೆ, ತೀರ್ಪು ಕೊಡದೆ, ಸುಮ್ಮನೆ ಪೂರ್ತಿ ಕೇಳಿ. ಎರಡು ಹಾಡಾದ ಮೇಲೆ 'ಬೋರು' ಎಂದು ಎದ್ದುಹೋಗಬೇಡಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಾಡು ಬೋರೋ, ನಮ್ಮ ಗಮನ ಗಿಡ್ಡವೋ ಎಂದು ಮೊದಲು ನೋಡಿಕೊಳ್ಳಬೇಕು. ಗದಗ, ಧಾರವಾಡದ ಕಡೆಯ ಸಂಗೀತಗಾರರು ಒಂದೇ ರಾಗವನ್ನು ಒಂದು ತಾಸು ಹಿಗ್ಗಿಸಿದರೂ ಕದಲದೆ ಕೂತು ಕೇಳಿದ ಸೀಮೆ ಇದು. ನಮಗೆ 37 ನಿಮಿಷ ಭಾರವಾಗಬಾರದು.

ಎರಡನೆಯ ಸಲ ಒಂದೊಂದು ವಾದ್ಯದ ಬೆನ್ನು ಹತ್ತಿ. 'ಹೈವೇ ಸ್ಟಾರ್' ಒಮ್ಮೆಲೇ ಎರಗುವುದಿಲ್ಲ. ಬೇಸ್ ಮತ್ತು ಡ್ರಮ್ ಒಂದೇ ಸಮನೆ ಮಿಡಿಯುತ್ತಾ ಏರಿ, ಆಮೇಲೆ ಗಾಯಕ ಇಯಾನ್ ಗಿಲನ್ ಅವರ ಕೂಗು ಬರುತ್ತದೆ. ನಡುವೆ ಮೊದಲು ಜಾನ್ ಲಾರ್ಡ್ ಅವರ ಆರ್ಗನ್, ನಂತರ ರಿಚಿ ಬ್ಲ್ಯಾಕ್‌ಮೋರ್ ಅವರ ಗಿಟಾರ್ ತಮ್ಮ ಪಾಲಿನ ಮಾತು ಆಡುತ್ತವೆ. ಎರಡರಲ್ಲೂ ಜರ್ಮನಿಯ ಬಾಖ್ ಅವರ ಶಾಸ್ತ್ರೀಯ ಸಂಗೀತದ ನಡಿಗೆ ಕೇಳುತ್ತದೆ. ಲಾರ್ಡ್ ತಮ್ಮ ಹ್ಯಾಮಂಡ್ ಆರ್ಗನ್ನನ್ನು ಗಿಟಾರಿನವರು ಬಳಸುವ ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿದ್ದರು. ಅದಕ್ಕೇ ಆರ್ಗನ್ ಕೂಡ ಗಿಟಾರಿನಷ್ಟೇ ಗರ್ಜಿಸುತ್ತದೆ. ಯಾವುದು ಯಾವುದು ಎಂದು ಬಿಡಿಸಿ ಕೇಳುವುದೇ ಒಂದು ಅಭ್ಯಾಸ. ಹರಿಹರದಲ್ಲಿ 1224ರಲ್ಲಿ ಪೋಲಾಳ್ವ ದಂಡನಾಯಕ ಕಟ್ಟಿಸಿದ ಹರಿಹರೇಶ್ವರನ ಗುಡಿಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ಮೂರ್ತಿಯಲ್ಲಿ ಅರ್ಧ ಹರಿ, ಅರ್ಧ ಹರ. ಇಲ್ಲೂ ಗಿಟಾರ್ ದೊಡ್ಡದೋ ಆರ್ಗನ್ ದೊಡ್ಡದೋ ಎಂಬ ಜಗಳ ಬೇಡ.

'ಮೇಬಿ ಐಯಾಮ್ ಎ ಲಿಯೊ' ನಿಧಾನದ ಹಾಡೆಂದು ದಾಟಿಸಬೇಡಿ. ಅದರ ರಿಫ್ ತಾಳದ ಮೊದಲ ಪೆಟ್ಟಿನ ಮೇಲೆ ಶುರುವಾಗುವುದಿಲ್ಲ. ಕೈಯಲ್ಲಿ ತಾಳ ಹಾಕಿ ನೋಡಿ, ಎಲ್ಲಿ ತಪ್ಪಿದಿರಿ ಎಂದು ನಿಮಗೇ ಗೊತ್ತಾಗುತ್ತದೆ. 'ಪಿಕ್ಚರ್ಸ್ ಆಫ್ ಹೋಮ್' ಇಯಾನ್ ಪೇಸ್ ಅವರ ಡ್ರಮ್ಮಿನಿಂದ ಶುರುವಾಗುತ್ತದೆ. ಹಿಂದೆ ಸರಿದು ನಿಂತೇ ಇರುವ ಬೇಸ್ ಗಿಟಾರಿಗೂ ಅಲ್ಲಿ ಒಂದು ಸೋಲೊ ಇದೆ. ಹಾಡು ಮುಗಿಯಿತು ಎನ್ನಿಸಿ ಮತ್ತೆ ಎದ್ದುಬರುತ್ತದೆ, ಮೊದಲೇ ಎದ್ದವರಿಗೆ ಅದು ಸಿಗುವುದಿಲ್ಲ. 'ನೆವರ್ ಬಿಫೋರ್' ಎಲ್ಲಕ್ಕಿಂತ ಮೊದಲು ಸಿಂಗಲ್, ಅಂದರೆ ಬಿಡಿ ಹಾಡಿನ ತಟ್ಟೆ, ಆಗಿ ಬಂತು. ಇದೇ ಗೆಲ್ಲುತ್ತದೆ ಎಂದು ತಂಡದವರು ನಂಬಿದ್ದರು. ಗೆದ್ದದ್ದು, ಮರುವರ್ಷ 1973ರಲ್ಲಿ ಅಮೆರಿಕದಲ್ಲಿ ಸಿಂಗಲ್ ಆಗಿ ಬಂದ 'ಸ್ಮೋಕ್ ಆನ್ ದ ವಾಟರ್'. ಮಾಡಿದವರಿಗೇ ಯಾವುದು ಉಳಿಯುತ್ತದೆಂದು ಗೊತ್ತಿರಲಿಲ್ಲ. ಹಾಗಿರುವಾಗ ಹತ್ತು ಸೆಕೆಂಡು ಕೇಳಿ 'ಇದು ವೇಸ್ಟ್' ಎನ್ನುವ ಧೈರ್ಯ ನಿಮಗೆ ಎಲ್ಲಿಂದ ಬರುತ್ತದೆ?

ಎಲ್‌ಪಿ ತಟ್ಟೆಯ ಮೊದಲ ಮಗ್ಗುಲು ಇಲ್ಲಿಗೆ ಮುಗಿಯುತ್ತದೆ. ತಟ್ಟೆ ತಿರುವಿ ಹಾಕುವಷ್ಟು ಹೊತ್ತು ನೀವೂ ನಿಲ್ಲಿಸಿ, ನೀರು ಕುಡಿಯಿರಿ. ಎರಡನೆಯ ಮಗ್ಗುಲು ಶುರುವಾಗುವುದೇ ಆ ಪ್ರಸಿದ್ಧ ರಿಫ್‌ನಿಂದ. ಈಗ ಅದನ್ನು ಕಟ್ಟಡ ಕಟ್ಟುವುದನ್ನು ನೋಡಿದ ಹಾಗೆ ಕೇಳಿ. ಮೊದಲು ಗಿಟಾರ್ ಒಂದೇ. ಆಮೇಲೆ ಹೈ-ಹ್ಯಾಟ್ ತಟ್ಟೆಗಳ ಸದ್ದು ಮತ್ತು ಆರ್ಗನ್ ಸೇರುತ್ತವೆ, ಉಳಿದ ಡ್ರಮ್ ಬರುತ್ತದೆ, ಕೊನೆಗೆ ಬೇಸ್ ಇಳಿಯುತ್ತದೆ. ಅದಾದ ಮೇಲೇ ಗಾಯನ. 'ಲೇಜಿ' ಏಳು ನಿಮಿಷ ಮೀರುವ ಹಾಡು. ಮಾತು ಶುರುವಾಗುವುದು ನಾಲ್ಕು ನಿಮಿಷ ಕಳೆದ ಮೇಲೆ, ಗಿಲನ್ ಅದರಲ್ಲಿ ಹಾರ್ಮೋನಿಕಾ ಕೂಡ ನುಡಿಸಿದ್ದಾರೆ. ತಾಳಿದವನು ಬಾಳಿಯಾನು ಎಂಬ ಗಾದೆ ಈ ಹಾಡಿಗೆ ಚೆನ್ನಾಗಿ ಒಪ್ಪುತ್ತದೆ. 'ಸ್ಪೇಸ್ ಟ್ರಕಿಂಗ್' ಎಂಬ ತಮಾಷೆಯ ಅಬ್ಬರದಲ್ಲಿ ಆಲ್ಬಂ ಮುಗಿಯುತ್ತದೆ. ಅದೇ ಸಮಯದಲ್ಲಿ ರೆಕಾರ್ಡ್ ಮಾಡಿದ 'ವೆನ್ ಎ ಬ್ಲೈಂಡ್ ಮ್ಯಾನ್ ಕ್ರೈಸ್' ಎಂಬ ದುಃಖದ ಹಾಡನ್ನು ಆಲ್ಬಮ್ಮಿನಿಂದ ಹೊರಗಿಟ್ಟು ಸಿಂಗಲ್ಲಿನ ಹಿಂಬದಿಗೆ ಹಾಕಿದರು. ಒಳ್ಳೆಯದೆಂದ ಮಾತ್ರಕ್ಕೆ ಎಲ್ಲವನ್ನೂ ಒಂದೇ ಕಡೆ ತುರುಕಬಾರದು ಎಂಬ ವಿವೇಕ ಅವರಿಗಿತ್ತು.

ಗಿಟಾರ್ ಕಲಿಯುವವರಿಗೆ ಬೇರೆಯಾಗಿ ಒಂದು ಮಾತು. ಕ್ಲಾಸಿಗೆ ಸೇರಿದ ವಾರದಲ್ಲೇ ಈ ರಿಫ್ ನುಡಿಸಿ ವಿಡಿಯೊ ಹಾಕುತ್ತೀರಿ. ಬಹಳ ಜನ ತಪ್ಪಾಗಿ ನುಡಿಸುತ್ತಾರೆ. ಬ್ಲ್ಯಾಕ್‌ಮೋರ್ ಅದನ್ನು ಒಂದೊಂದೇ ತಂತಿಯಲ್ಲಿ ನುಡಿಸಲಿಲ್ಲ. ಎರಡು ತಂತಿಗಳನ್ನು ಒಟ್ಟಿಗೆ, ನಾಲ್ಕನೆಯ ಸ್ವರದ ಅಂತರದಲ್ಲಿ ಹಿಡಿದು, ತಂತಿ ಮೀಟುವ ಪ್ಲೆಕ್ಟ್ರಮ್ ಬಿಟ್ಟು ಬೆರಳಿನಿಂದಲೇ ಮೀಟಿದರು. ಅದಕ್ಕೇ ಎರಡೂ ಸ್ವರ ಒಂದೇ ಏಟಿಗೆ ಏಳುತ್ತವೆ. ಸುಲಭವೆಂದು ಕಾಣುವುದನ್ನು ಸರಿಯಾಗಿ ಮಾಡುವುದೇ ಕಷ್ಟ. ಹಾಡ್ತಾ ಹಾಡ್ತಾ ರಾಗ ಎಂಬುದು ಗಿಟಾರಿಗೂ ಸಲ್ಲುತ್ತದೆ. ಮೊದಲು ತಾಳ ಎಣಿಸುವ ಮೆಟ್ರೊನೋಮ್ ಹಾಕಿ ನಿಧಾನದಲ್ಲಿ ನುಡಿಸಿ, ವಿಡಿಯೊ ಆಮೇಲೆ ಹಾಕಿ.

ಈಗ ಕಿವಿಯ ವಿಷಯ. ಇದರಲ್ಲಿ ನಾನು ಸ್ವಲ್ಪ ಗದರಿಸಿಯೇ ಹೇಳುವುದು. ಅತಿಯಾದರೆ ಅಮೃತವೂ ವಿಷ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ದೊಡ್ಡವರು 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ತಾಸು ಕೇಳಬಹುದು. 90 ಡೆಸಿಬಲ್‌ಗೆ ಏರಿಸಿದರೆ ವಾರಕ್ಕೆ ಬರೀ 4 ತಾಸು. ಪ್ರತಿ 3 ಡೆಸಿಬಲ್ ಏರಿದಾಗ ಸಮಯ ಅರ್ಧಕ್ಕೆ ಇಳಿಯುತ್ತದೆ. ಇದೇ ಡೀಪ್ ಪರ್ಪಲ್ 1972ರಲ್ಲಿ ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ 117 ಡೆಸಿಬಲ್ ಸದ್ದು ಮಾಡಿ, ಜಗತ್ತಿನ ಅತಿ ಜೋರಿನ ಬ್ಯಾಂಡ್ ಎಂದು ಗಿನ್ನೆಸ್ ಪುಸ್ತಕ ಸೇರಿತ್ತು. ಮೇಲಿನ ಲೆಕ್ಕ ಹಾಕಿದರೆ ಅಷ್ಟು ಸದ್ದಿನಲ್ಲಿ ನಿಮ್ಮ ಇಡೀ ವಾರದ ಪಾಲು ಅರ್ಧ ನಿಮಿಷದಲ್ಲಿ ತೀರಿಹೋಗುತ್ತದೆ. ಎಸಿ/ಡಿಸಿ ರಾಕ್ ತಂಡದ ಗಾಯಕ ಬ್ರಯಾನ್ ಜಾನ್ಸನ್ 2016ರಲ್ಲಿ ಕಿವಿ ಪೂರ್ತಿ ಹೋಗುವ ಭಯದಿಂದ ಪ್ರವಾಸವನ್ನೇ ನಡುವೆ ಬಿಡಬೇಕಾಯಿತು. ಕಿವಿಯ ಒಳಗಿನ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಫೋನಿನ ಸದ್ದನ್ನು ಅರ್ಧದಿಂದ ಸ್ವಲ್ಪ ಮೇಲೆ ನಿಲ್ಲಿಸಿ. ಕೇಳಿ ಮುಗಿದ ಮೇಲೆ ಕಿವಿಯಲ್ಲಿ 'ಗುಂಯ್' ಎಂದರೆ ಅದು ಎಚ್ಚರಿಕೆ, ಅಂದಿಗೆ ಸಾಕು ಮಾಡಿ. ಎರಡು ಮೂರು ದಿನವಾದರೂ ಹೋಗದಿದ್ದರೆ ಕಿವಿ ಡಾಕ್ಟರ ಹತ್ತಿರ ಹೋಗಿ.

ಎರಡೂ ಕಿವಿಗೆ ಇಯರ್‌ಫೋನ್ ತುರುಕಿಕೊಂಡು ರೈಲ್ವೆ ಗೇಟು ದಾಟಬೇಡಿ. 'ಹೈವೇ ಸ್ಟಾರ್' ಕೇಳಿದ ಹುರುಪಿನಲ್ಲಿ ಎನ್ಎಚ್ 48ರ ಮೇಲೆ ಬೈಕು ಹಾರಿಸಬೇಡಿ. ಆ ಹಾಡಿನವ ಕಾರಿನ ಬಗ್ಗೆ ಕೊಚ್ಚಿಕೊಳ್ಳುವುದು ಹಾಡಿನೊಳಗೆ ಚೆಂದ. ಅಂದ ಹಾಗೆ, ಆ ಹಾಡು ಹುಟ್ಟಿದ್ದು ಪೋರ್ಟ್ಸ್‌ಮೌತ್‌ಗೆ ಹೋಗುವ ಬಸ್ಸಿನಲ್ಲಿ. ಹಾಡು ಹೇಗೆ ಕಟ್ಟುತ್ತೀರಿ ಎಂದು ಪತ್ರಕರ್ತರೊಬ್ಬರು ಕೇಳಿದಾಗ ಬ್ಲ್ಯಾಕ್‌ಮೋರ್ ಗಿಟಾರ್ ಎತ್ತಿಕೊಂಡು ಅಲ್ಲೇ ಶುರು ಮಾಡಿದರು. ಬಸ್ಸನ್ನು ಬೇರೆ ಯಾರೋ ಓಡಿಸುತ್ತಿದ್ದರು ಎಂಬುದನ್ನು ಮರೆಯಬೇಡಿ. ರಾಕ್ ತಾರೆಯರ ಕುಡಿತ, ಅಮಲು, ಹೋಟೆಲ್ ಕೋಣೆ ಒಡೆಯುವ ಪ್ರತಾಪಗಳನ್ನೂ ಅನುಕರಿಸಬೇಡಿ. ಅವರಿಂದ ಕಲಿಯಬೇಕಾದದ್ದು ತಾಳ, ಶ್ರುತಿ, ದುಡಿಮೆ.

ಅಪ್ಪ ಅಮ್ಮಂದಿರೇ, ನೀವೂ ಇತ್ತ ಕಿವಿಗೊಡಿ. "ಏನ್ ಕರ್ಕಶನಪ್ಪ, ಮನುಷ್ಯರು ಕೇಳೋದಾ ಇದು" ಎಂದು ಬಾಗಿಲು ಬಡಿಯುವ ಮೊದಲು ಸ್ವಲ್ಪ ಯೋಚಿಸಿ. ಗಟ್ಟಿ ಸದ್ದಿನ ಈ ಸಂಗೀತದ ಒಂದು ದೊಡ್ಡ ಕವಲು ಬೆಳೆದದ್ದೇ ಕಾರ್ಖಾನೆಗಳ ಊರಲ್ಲಿ. ಬ್ಲ್ಯಾಕ್ ಸಬ್ಬತ್ ತಂಡ ಬಂದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಿಂದ. ಅದರ ಗಿಟಾರಿನ ಟೋನಿ ಐಯೋಮಿ 17ನೇ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯಲ್ಲಿ ಎರಡು ಬೆರಳ ತುದಿ ಕಳೆದುಕೊಂಡರು, ತಾವೇ ಟೊಪ್ಪಿಗೆ ಮಾಡಿ ಬೆರಳಿಗೆ ಹಾಕಿಕೊಂಡು ಮತ್ತೆ ನುಡಿಸಿದರು. ನಮ್ಮದೇನು ಕಡಿಮೆ? ಹತ್ತಿ ಮಿಲ್ಲುಗಳ ದೆಸೆಯಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡ ಊರು ದಾವಣಗೆರೆ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳಿಂದ ಹೆಸರಾದದ್ದು ಹರಿಹರ. ಮಗ್ಗ, ಲೇತುಗಳ ಸದ್ದಿನ ನಡುವೆ ದುಡಿದ ಮನೆಗಳ ಮಕ್ಕಳಿಗೆ ಈ ಸದ್ದು ಪರದೇಶಿ ಎನ್ನಿಸಬೇಕಾಗಿಲ್ಲ. ಒಂದು ಭಾನುವಾರ ಮಗನೋ ಮಗಳೋ ಕೇಳುವುದನ್ನು ಪಕ್ಕದಲ್ಲಿ ಕೂತು ಕೇಳಿ. ಇಷ್ಟವಾಗದಿದ್ದರೆ ಹೇಳಿ, ಕೇಳದೆ ಮಾತ್ರ ಬೈಯಬೇಡಿ.

ಮಕ್ಕಳೇ, ಇದೇ ಮಾತು ನಿಮಗೂ. ಅಮ್ಮ ಹಾಕುವ ವಚನ, ಅಪ್ಪ ಕೇಳುವ ರಾಜ್‌ಕುಮಾರ್ ಹಾಡು 'ಹಳೇದು' ಎಂದು ಮೂಗು ಮುರಿಯಬೇಡಿ. ನೀವು ಮೆಚ್ಚುವ ಆಲ್ಬಂ ಕೂಡ ಐವತ್ತು ವರ್ಷ ದಾಟಿದ ಮುದುಕ! ನಾಲ್ಕು ಬ್ಯಾಂಡಿನ ಹೆಸರು ಗೊತ್ತೆಂದು, ಗೊತ್ತಿಲ್ಲದ ಗೆಳೆಯರನ್ನು ಹಂಗಿಸಬೇಡಿ. ತುಂಬಿದ ಕೊಡ ತುಳುಕುವುದಿಲ್ಲ. ಹೊಸಬರನ್ನು ಒಮ್ಮೆಲೇ ಅಬ್ಬರಕ್ಕೆ ತಳ್ಳದೆ, ಪಕ್ಕದ ಹಾವೇರಿ ಜಿಲ್ಲೆಯ ಶಿಶುನಾಳ ಶರೀಫರ ತತ್ವಪದಗಳನ್ನು ರಘು ದೀಕ್ಷಿತ್ ಗಿಟಾರ್, ಡ್ರಮ್ಮಿನ ಜೊತೆ ಹಾಡಿದ್ದನ್ನು ಮೊದಲು ಕೇಳಿಸಿ. ಕಿವಿ ಹದಕ್ಕೆ ಬಂದ ಮೇಲೆ ಮುಂದಿನದು.

ಈ ಆಲ್ಬಂ ಒಲಿದ ಮೇಲೆ ದಾರಿ ತಾನೇ ತೆರೆದುಕೊಳ್ಳುತ್ತದೆ. 1972ರ ಆಗಸ್ಟಿನಲ್ಲಿ ಒಸಾಕಾ, ಟೋಕಿಯೊಗಳ ಕಛೇರಿಗಳಲ್ಲಿ ರೆಕಾರ್ಡಾದ 'ಮೇಡ್ ಇನ್ ಜಪಾನ್' ಕೇಳಿ. ನಾಲ್ಕೂವರೆ ನಿಮಿಷದ 'ಸ್ಪೇಸ್ ಟ್ರಕಿಂಗ್' ಅಲ್ಲಿ ಇಪ್ಪತ್ತು ನಿಮಿಷ ಹರಿಯುವುದು ಹೇಗೆಂದು ನೋಡಿ. ಆಮೇಲೆ ಧ್ವನಿಮುದ್ರಣ ಮಾಡಿದವರ ಜಾಡು ಹಿಡಿಯಿರಿ. ಮೊಂತ್ರೋದಲ್ಲಿ ಇಂಜಿನಿಯರ್ ಆಗಿದ್ದ ಮಾರ್ಟಿನ್ ಬರ್ಚ್ ಅವರೇ ಮುಂದೆ 1982ರಲ್ಲಿ ಐರನ್ ಮೇಡನ್ ತಂಡದ 'ದ ನಂಬರ್ ಆಫ್ ದ ಬೀಸ್ಟ್' ನಿರ್ಮಿಸಿದರು. ಆ ಐರನ್ ಮೇಡನ್ 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತು, 2011ರ ಅಕ್ಟೋಬರ್ 30ರಂದು ಅಲ್ಲಿಗೇ ಮೆಟಾಲಿಕಾ ಬಂತು. 1998ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಕ್ರಿಪ್ಟೋಸ್ ಇದೇ ಹಳೆಯ ದಾರಿಯ ತಂಡ. 2013ರಲ್ಲಿ ಜರ್ಮನಿಯ ವಾಕನ್ ಉತ್ಸವದ ವೇದಿಕೆ ಏರಿತು. ದೂರದ ಬೆಟ್ಟದ ಗುಣಗಾನದ ನಡುವೆ ಇವರನ್ನು ಮರೆಯಬೇಡಿ. ಇವರ ಕಛೇರಿಗೆ ಟಿಕೆಟ್ ಕೊಂಡು ಹೋಗಿ, ಪುಕ್ಕಟೆ ಪಾಸು ಹುಡುಕುತ್ತಾ ಓಡಾಡಬೇಡಿ. ಹೋಗುವಾಗ ಕಿವಿಗೆ ಹಾಕುವ ಮೃದು ಬಿರಡೆ ಜೇಬಿನಲ್ಲಿರಲಿ. ಹಿಂದಿರುಗಲು ರಾತ್ರಿ ರೈಲಿನ ಸೀಟನ್ನು ಮೊದಲೇ ಕಾಯ್ದಿರಿಸಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಮನೆಯಲ್ಲಿ ಹೇಳಿ ಹೋಗಿ.

ಎಲ್ಲವನ್ನೂ ಒಂದೇ ವಾರದಲ್ಲಿ ಕೇಳಿ ಮುಗಿಸುವ ಹಟ ಬೇಡ. ತಿಂಗಳಿಗೆ ಒಂದು ಆಲ್ಬಂ ಸಾಕು, ವರ್ಷಕ್ಕೆ ಹನ್ನೆರಡು. ಒಂದನ್ನು ಪೂರ್ತಿ ಬಲ್ಲವರ ಮಾತಿಗೆ, ನೂರನ್ನು ಮೂಸಿ ಬಿಟ್ಟವರ ಮಾತಿಗಿಂತ ಹೆಚ್ಚು ತೂಕ. ಈ ತಿಂಗಳ ಪಾಲಿಗೆ 'ಮಷೀನ್ ಹೆಡ್' ಇರಲಿ. ಕೇಳಿದ ಮೇಲೆ, ಏಳರಲ್ಲಿ ನಿಮಗೆ ಹೆಚ್ಚು ಹಿಡಿಸಿದ್ದು ಯಾವುದು, ಯಾಕೆ ಎಂದು ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದಿಡಿ. 'ಸೂಪರ್' ಎಂದು ಬರೆದರೆ ಲೆಕ್ಕಕ್ಕಿಲ್ಲ, ಕಾರಣ ಬೇಕು. ಆ ಟೀ ಶರ್ಟನ್ನು ಆಮೇಲೆ ಧಾರಾಳವಾಗಿ ಹಾಕಿಕೊಳ್ಳಿ, ನಾನೇ ಇಸ್ತ್ರಿ ಮಾಡಿಕೊಡುತ್ತೇನೆ.